ಬಾಲ್ಕನಿಯಿಂದ ಎಣಿಸಿದ್ದು

(ಬೇಸಿಗೆಯ ದೊಡ್ಡ ಸಿನಿಮಾಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ದಾವಣಗೆರೆಯ ನಿವೃತ್ತ ಬ್ಯಾಂಕ್ ಕ್ಯಾಷಿಯರ್, ಐವತ್ತು ವರ್ಷದಿಂದ ಥಿಯೇಟರ್ ಬಿಡದ ಪ್ರೇಕ್ಷಕಿಯೊಬ್ಬರ ಉತ್ತರ.)

ಪ್ರ: ಎಲ್ಲರೂ ಸಿನಿಮಾಕ್ಕೆ ಸ್ಟಾರ್ ಕೊಡುತ್ತಾರೆ, ನೀವ್ಯಾಕೆ ಕೊಡುವುದಿಲ್ಲ? – ಹರಿಹರದ ಓದುಗರು

ಉ: ಮೂವತ್ತೊಂದು ವರ್ಷ ಕ್ಯಾಶ್ ಕೌಂಟರಿನಲ್ಲಿ ಕೂತವಳು ನಾನು, ಎಣಿಸೋದು ಬಿಟ್ಟರೆ ಬೇರೆ ವಿದ್ಯೆ ಗೊತ್ತಿಲ್ಲ. ಬಾಲ್ಕನಿಯಲ್ಲಿ ಕೂತು, ಕೆಳಗೆ ಎಷ್ಟು ಮೊಬೈಲ್ ಬೆಳಗಿದವು ಅಂತ ಲೆಕ್ಕ ಇಡುತ್ತೇನೆ. ಹತ್ತರೊಳಗಿದ್ದರೆ ಸಿನಿಮಾ ಪಾಸು. ಹೀರೋ ಎಂಟ್ರಿಗೆ ಎತ್ತಿ ಹಿಡಿಯುವ ಮೊಬೈಲುಗಳನ್ನು ಸೇರಿಸುವುದಿಲ್ಲ, ಅದು ಮಂಗಳಾರತಿ ಇದ್ದ ಹಾಗೆ. ವಾಟ್ಸಾಪ್ ನೋಡಲು ತೆಗೆದದ್ದು ಮಾತ್ರ ಲೆಕ್ಕ.

ಪ್ರ: ನಿಮ್ಮ ವಯಸ್ಸಿನವರು ‘ಕೆಜಿಎಫ್ 2’ ನೋಡಿದಿರಾ? ಕಿವಿ ಉಳಿಯಿತಾ? – ಕೋಲಾರದ ಕಾಲೇಜು ವಿದ್ಯಾರ್ಥಿ

ಉ: 2022ರ ಏಪ್ರಿಲ್ 14ಕ್ಕೆ ಬಂತು. ಮೊದಲ ವಾರದ ನೂಕುನುಗ್ಗಲು ಮುಗಿಯಲಿ ಅಂತ ಕಾದು, ಕಿವಿಗೆ ಹತ್ತಿ ಇಟ್ಟುಕೊಂಡು ಮ್ಯಾಟ್ನಿಗೆ ಹೋದೆ. ಪೊಲೀಸ್ ಸ್ಟೇಷನ್ನಿಗೆ ಗುಂಡಿನ ಮಳೆ ಸುರಿಸುವ ಆ ಭಾರಿ ಗನ್ನಿಗೆ ‘ದೊಡ್ಡಮ್ಮ’ ಅಂತ ಹೆಸರು ಬಂದಾಗ ಪಕ್ಕದ ಸೀಟಿನ ಹುಡುಗ ತಿರುಗಿ ನನ್ನ ಮುಖ ನೋಡಿ ನಕ್ಕ. ನಾನೂ ನಕ್ಕೆ. ಅಷ್ಟೆಲ್ಲ ಸಿಡಿದು ಮುಗಿದ ಮೇಲೆ, ಕೆಂಪಗೆ ಕಾದ ನಳಿಗೆಗೆ ಯಶ್ ಸಿಗರೇಟು ಒತ್ತಿ ಹೊತ್ತಿಸಿಕೊಳ್ಳುತ್ತಾರಲ್ಲ, ಆಗ ಎರಡು ಕ್ಷಣ ಹಾಲ್ ಪೂರ್ತಿ ಗಪ್ಪನಾಯಿತು. ನನ್ನ ಟಿಕೆಟ್ ದುಡ್ಡು ವಸೂಲಾದದ್ದು ಆ ಎರಡು ಕ್ಷಣಕ್ಕೆ.

ತಕರಾರೂ ಇದೆ. ಅಂಥ ಮೌನ ಇನ್ನೂ ನಾಲ್ಕು ಕಡೆ ಬೇಕಿತ್ತು. ಪ್ರತಿ ಸೀನೂ ಇಂಟರ್‌ವಲ್ ಸೀನಿನಂತೆ ಅಬ್ಬರಿಸಿದರೆ ನಿಜವಾದ ಇಂಟರ್‌ವಲ್ಲಿಗೆ ಎದ್ದು ಹೋಗುವಷ್ಟೂ ತ್ರಾಣ ಇರುವುದಿಲ್ಲ. ಇನ್ನೊಂದು: ಮೊದಲ ಭಾಗದಲ್ಲಿ ಕಥೆ ಹೇಳಿದ್ದು ಅನಂತ್ ನಾಗ್, ಎರಡನೆಯದರಲ್ಲಿ ಪ್ರಕಾಶ್ ರೈ. ರೈ ಸಣ್ಣ ನಟರೇನಲ್ಲ. ಆದರೂ ಅರ್ಧ ಕಥೆ ಹೇಳಿದ ಅಜ್ಜ ಎದ್ದುಹೋಗಿ ಮಿಕ್ಕದ್ದನ್ನು ನೆಂಟರು ಹೇಳಿದಂತಾಯಿತು ನನಗೆ.

ಪ್ರ: ಇಂಗ್ಲಿಷಿನವರ ‘ಸಮ್ಮರ್’ ಸಿನಿಮಾ ನಮಗೆ ಜೋರು ಮಳೆಯಲ್ಲಿ ಬರುತ್ತದೆ. ಏನಿದು ಲೆಕ್ಕ? – ಸಾಗರದ ಗೃಹಿಣಿ

ಉ: ಅಮೆರಿಕದಲ್ಲಿ ಶಾಲೆಗೆ ರಜೆ ಜೂನ್‌ನಿಂದ, ಅದಕ್ಕೇ. ಈ ಸಂಪ್ರದಾಯ ಗಟ್ಟಿಯಾದದ್ದು 1975ರ ಜೂನ್ 20ರಂದು ಬಂದ ಸ್ಪೀಲ್‌ಬರ್ಗ್‌ರ ‘ಜಾಸ್’ನಿಂದ. ಅದಕ್ಕೂ ಮೊದಲು ದೊಡ್ಡ ಸಿನಿಮಾಗಳು ನಾಲ್ಕಾರು ಊರಲ್ಲಿ ಶುರುವಾಗಿ ನಿಧಾನಕ್ಕೆ ಹಬ್ಬುತ್ತಿದ್ದುದೇ ಹೆಚ್ಚು. ಇದನ್ನು ಟಿ.ವಿ.ಯಲ್ಲಿ ಬೇಕಾದಷ್ಟು ಜಾಹೀರಾತು ಕೊಟ್ಟು, ನಾನೂರಕ್ಕೂ ಹೆಚ್ಚು ಥಿಯೇಟರುಗಳಲ್ಲಿ ಒಂದೇ ದಿನ ಬಿಟ್ಟರು. ಮಜಾ ಏನೆಂದರೆ, ಅದಕ್ಕಾಗಿ ಮಾಡಿಸಿದ ಯಂತ್ರದ ಶಾರ್ಕ್ ಸಮುದ್ರದ ಉಪ್ಪುನೀರಿಗೆ ಮೇಲಿಂದ ಮೇಲೆ ಕೆಟ್ಟುಹೋಗುತ್ತಿತ್ತು. ತೋರಿಸಲು ಮೀನೇ ಇಲ್ಲದೆ, ಜಾನ್ ವಿಲಿಯಮ್ಸ್ ಸಂಗೀತವನ್ನೇ ಮೀನು ಮಾಡಿ ಹೆದರಿಸಿದರು.

ಅದೇ ನಿರ್ದೇಶಕರ ‘ಜುರಾಸಿಕ್ ಪಾರ್ಕ್’ ನಮ್ಮಲ್ಲಿಗೆ 1994ರಲ್ಲಿ ಹಿಂದಿ ಮಾತಾಡಿಕೊಂಡು ಬಂತು. ಎರಡು ಗಂಟೆಗೂ ಮೀರಿದ ಸಿನಿಮಾದಲ್ಲಿ ಡೈನೋಸಾರ್ ಕಾಣಿಸುವುದು ಸುಮಾರು 15 ನಿಮಿಷ. ಮಳೆ ಸೀನಿನಲ್ಲಿ ಟಿ-ರೆಕ್ಸ್ ಬೊಂಬೆಯ ಚರ್ಮ ನೀರು ಕುಡಿದು ಭಾರವಾಗಿ, ಬೊಂಬೆ ಗಡಗಡ ನಡುಗುತ್ತಿತ್ತಂತೆ. ಟೇಕಿನ ನಡುವೆ ಟವಲಿನಿಂದ ಒರೆಸಬೇಕಾಗಿತ್ತು. ಆಗ ಮಗಳು ನಾಲ್ಕನೇ ಕ್ಲಾಸು, ಹಿಂದಿ ಅಷ್ಟಕ್ಕಷ್ಟೆ. ಕಾರಿನಲ್ಲಿಟ್ಟ ಲೋಟದ ನೀರು ಅಲುಗಿದ್ದೇ ತಡ, ನನ್ನ ಸೆರಗು ಹಿಡಿದು ಜಗ್ಗಿದಳು. ಪ್ರಾಣಿ ಇನ್ನೂ ಬಂದೇ ಇರಲಿಲ್ಲ! ಈಗಿನವರಾದರೆ ಟ್ರೇಲರಿನಲ್ಲೇ ಬಾಲದಿಂದ ಹಲ್ಲಿನವರೆಗೆ ತೋರಿಸಿ ಮುಗಿಸುತ್ತಾರೆ.

ಪ್ರ: ಬೇಸಿಗೆಯಲ್ಲಿ ಕನ್ನಡದ ದೊಡ್ಡ ಚಿತ್ರಗಳು ಬರುವುದೇ ಅಪರೂಪವಾಗಿದೆ. ಐಪಿಎಲ್ ಕಾರಣವೇ? – ಹಾವೇರಿಯ ಓದುಗರು

ಉ: ಮೊದಲು ಪರೀಕ್ಷೆ ಅನ್ನುತ್ತಾರೆ, ಆಮೇಲೆ ಕ್ರಿಕೆಟ್ ಅನ್ನುತ್ತಾರೆ. ‘ಕೆಜಿಎಫ್ 2’ ಬಂದದ್ದೂ ಐಪಿಎಲ್ ನಡುವೆಯೇ. ದಾವಣಗೆರೆಯ ಮೇ ತಿಂಗಳ ಬಿಸಿಲಿಗೆ ಎ.ಸಿ. ಹಾಲ್ ತೆರೆದಿದ್ದರೆ ನಾನು ಬರೀ ಜಾಹೀರಾತು ನೋಡಲೂ ಹೋಗುತ್ತೇನೆ.

ಪ್ರ: ‘ಓಪನ್‌ಹೈಮರ್’ ಬರೀ ಮಾತಿನ ಸಿನಿಮಾ. ಅದಕ್ಕೆ ದೊಡ್ಡ ಪರದೆ ಬೇಕಿತ್ತಾ? – ತುಮಕೂರಿನ ಉಪನ್ಯಾಸಕರು

ಉ: 2023ರ ಜುಲೈ 21ಕ್ಕೆ ಬಂದದ್ದು. ನಾನು ಬೆಂಗಳೂರಿನಲ್ಲಿ ಮಗಳ ಮನೆಗೆ ಹೋದಾಗ ನೋಡಿದೆ. ಅದೇ ದಿನ ಬಿಡುಗಡೆಯಾಗಿದ್ದ ‘ಬಾರ್ಬಿ’ಗೆ ಮಗಳು ಗುಲಾಬಿ ಟಾಪ್ ಹಾಕಿಕೊಂಡು ಪಕ್ಕದ ಹಾಲಿಗೆ ಹೋದಳು, ನಾನು ಅಣುಬಾಂಬು ಮಾಡಿದ ವಿಜ್ಞಾನಿಯ ಕಥೆಯ ಕಡೆ. ಮೂರು ಗಂಟೆ ಮಾತು, ಅರ್ಧ ನನಗೆ ತಿಳಿಯಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಪರೀಕ್ಷೆಯ ಬಾಂಬು ಸಿಡಿದಾಗ ಬೆಳಕು ಮೊದಲು ಬರುತ್ತದೆ, ಸದ್ದು ಇಲ್ಲ. ಸಿಡಿಲಿಗಿಂತ ಮಿಂಚು ಮುಂಚೆ ಕಾಣುತ್ತದಲ್ಲ, ಅದೇ ಲೆಕ್ಕ. ಆ ಸದ್ದು ಬರುವವರೆಗೆ ಮುಂದಿನ ಸಾಲಿನವರು ಬಾಯಿಗೆ ಹಾಕಿಕೊಂಡ ಪಾಪ್‌ಕಾರ್ನ್ ಅಗಿಯಲಿಲ್ಲ. ಬೆಳಗಿದ ಮೊಬೈಲು: ಸೊನ್ನೆ. ಮನೆಯ ಟಿ.ವಿ. ಮುಂದೆ ಅಷ್ಟು ಹೊತ್ತಿನಲ್ಲಿ ಕುಕ್ಕರ್ ಎರಡು ಸೀಟಿ ಹಾಕಿರುತ್ತಿತ್ತು.

ಬೇಜಾರಾದದ್ದು ಇಂಟರ್‌ವಲ್ಲಿಗೆ. ಅವರು ಅದನ್ನು ಇಟ್ಟು ಸಿನಿಮಾ ಮಾಡುವುದಿಲ್ಲ, ನಮ್ಮವರು ಕಾಫಿ, ಸಮೋಸ ಮಾರದೆ ಬಿಡುವುದಿಲ್ಲ. ಮಾತಿನ ನಡುವೆಯೇ ಕಡಿದು ಲೈಟ್ ಹಾಕಿದರು.

ಪ್ರ: ಟಿಕೆಟ್ ಬೆಲೆ? – ಚಿತ್ರದುರ್ಗದ ಆಟೊ ಚಾಲಕರು

ಉ: 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನಾಲ್ಕು ಜನರ ಮನೆಯವರು ಮಲ್ಟಿಪ್ಲೆಕ್ಸಿಗೆ ಹೋಗಿ ಬಂದರೆ ವಾರದ ದಿನಸಿ ಅಲ್ಲೇ ಕರಗುತ್ತದೆ. ನಾನು ಊರಿನ ಹಳೇ ಟಾಕೀಸಿನವಳು, ಹೊರಗೆ ಮಂಡಕ್ಕಿ-ಮೆಣಸಿನಕಾಯಿ ತಿಂದು ಒಳಗೆ ಹೋಗುತ್ತೇನೆ.

ಪ್ರ: ಇಷ್ಟೆಲ್ಲ ಹೇಳುತ್ತೀರಿ, ಥಿಯೇಟರಿನಲ್ಲಿ ಯಾವತ್ತೂ ನಿದ್ದೆ ಮಾಡಿಲ್ಲವೇ? – ಶಿವಮೊಗ್ಗದ ಓದುಗರು

ಉ: ಮಾಡಿದ್ದೇನೆ. 2019ರ ಏಪ್ರಿಲ್ ಕೊನೆಯಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ಗೆ ಮೊಮ್ಮಗ ಎಳೆದುಕೊಂಡು ಹೋದ. ಅದೂ ಮೂರು ಗಂಟೆ, ಅರ್ಥವಾಗಲು ಅದೇ ಸೂಪರ್‌ಹೀರೋ ಸರಣಿಯ ಹಿಂದಿನ 21 ಸಿನಿಮಾ ನೋಡಿರಬೇಕಂತೆ. ನಾನು ನೋಡಿದ್ದು ಒಂದೂವರೆ. ಕಣ್ಣು ಯಾವಾಗ ಎಳೆಯಿತೋ ಗೊತ್ತಿಲ್ಲ, ಹಾಲ್ ಹಾರಿಹೋಗುವಂಥ ಶಿಳ್ಳೆಗೆ ಬೆಚ್ಚಿ ಎಚ್ಚರವಾಯಿತು. ‘ಯಾರೋ ಬಂದದ್ದು?’ ಅಂದೆ. ಅವನು ಪರದೆಯಿಂದ ಕಣ್ಣು ತೆಗೆಯದೆ ಹೇಳಿದ: ‘ಸತ್ತೋರೆಲ್ಲ ಎದ್ದು ಬಂದ್ರು ಅಜ್ಜಿ, ನೀನೂ ಎದ್ದೇಳು.’