ಅರ್ಧ ದಾರಿಯ ಪೆಟ್ ಸ್ಕ್ಯಾನ್: ಕೊನೆಯ ಸಾಲು ಮಾತ್ರ ಓದಬೇಡಿ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಲಿಂಫೋಮಾಗೆ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರಿಗೆ, ಕೀಮೋ ನಡೆಯುತ್ತಿದೆ, ಮಧ್ಯದಲ್ಲಿ ಪೆಟ್ ಸ್ಕ್ಯಾನ್ (ವಿಕಿರಣ ಸೂಸುವ ಸಕ್ಕರೆ ಚುಚ್ಚಿ, ದೇಹದಲ್ಲಿ ಎಲ್ಲಿ ಅದನ್ನು ಜಾಸ್ತಿ ಹೀರುತ್ತಿದೆ ಎಂದು ನೋಡುವ ಪರೀಕ್ಷೆ) ಮಾಡಿಸಿದ್ದಾರೆ. ವರದಿಯ ಕೊನೆಯ ಸಾಲಿನ ಫೋಟೋ ಕಳಿಸಿ, 'ಇದು ಒಳ್ಳೆಯದಾ, ಕೆಟ್ಟದ್ದಾ?' ಎಂದು ಕೇಳುತ್ತಾರೆ. ವರದಿ ಕೈಗೆ ಕೊಡುವಾಗ ಯಾರಾದರೂ ಹತ್ತು ನಿಮಿಷ ಕೂತು ವಿವರಿಸಿದ್ದರೆ ಈ ಪತ್ರಗಳು ಬರುತ್ತಲೇ ಇರಲಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೆ, ಕೇಳಿದವರ ಮೇಲಲ್ಲ.

ಪ್ರಶ್ನೆ: ಮಗನಿಗೆ 24 ವರ್ಷ. ಹಾಡ್ಜ್‌ಕಿನ್ ಲಿಂಫೋಮಾ, ಮೂರನೇ ಹಂತ. ಎಬಿವಿಡಿ (ನಾಲ್ಕು ಔಷಧಿ ಸೇರಿಸಿ ಕೊಡುವ ಕೀಮೋ) ಎರಡು ಸೈಕಲ್ ಆದ ಮೇಲೆ ಪೆಟ್‌ನಲ್ಲಿ 'ಡೋವಿಲ್ 3' ಬಂದಿದೆ. ಎದೆಯ ಗಡ್ಡೆ ಇನ್ನೂ 3 ಸೆಂಟಿಮೀಟರ್ ಇದೆಯಂತೆ. ಕೀಮೋ ಕೆಲಸ ಮಾಡಲಿಲ್ವಾ ಡಾಕ್ಟ್ರೇ?

ಮಾಡಿದೆಯಮ್ಮಾ. ಚೆನ್ನಾಗೇ ಮಾಡಿದೆ.

ಡೋವಿಲ್ ಫ್ರಾನ್ಸ್‌ನ ಕಡಲತೀರದ ಊರು. 2009ರಲ್ಲಿ ತಜ್ಞರು ಅಲ್ಲಿ ಸೇರಿ ಲಿಂಫೋಮಾದ ಪೆಟ್ ಓದುವುದಕ್ಕೆ 1ರಿಂದ 5ರ ಅಳತೆ ಒಪ್ಪಿಕೊಂಡರು. ಇದು ಪರೀಕ್ಷೆಯ ಅಂಕ ಅಲ್ಲ. ಗಡ್ಡೆ ಎಷ್ಟು ಸಕ್ಕರೆ ಹೀರುತ್ತಿದೆ ಎಂದು ರೋಗಿಯ ದೇಹದ ಜೊತೆಗೇ ಹೋಲಿಸುವ ಲೆಕ್ಕ. 3 ಎಂದರೆ ಎದೆಯ ದೊಡ್ಡ ರಕ್ತನಾಳಕ್ಕಿಂತ ಜಾಸ್ತಿ, ಲಿವರ್‌ಗಿಂತ ಜಾಸ್ತಿ ಅಲ್ಲ. ಲಿವರ್ ದಾಟಿದರೆ 4. ತುಂಬಾ ದಾಟಿದರೆ, ಇಲ್ಲವೇ ಹೊಸ ಜಾಗದಲ್ಲಿ ರೋಗ ಕಂಡರೆ 5. ಆರೋಗ್ಯವಾಗಿರುವ ಲಿವರ್ ಹೀರುವಷ್ಟನ್ನೇ ಗಡ್ಡೆಯೂ ಹೀರಿದರೆ ಈ ಚಿಕಿತ್ಸೆಯಲ್ಲಿ ಅದನ್ನು ನೆಗೆಟಿವ್, ಅಂದರೆ ಚುರುಕಾದ ರೋಗ ಕಾಣುತ್ತಿಲ್ಲ, ಎಂದೇ ಓದುತ್ತೇವೆ.

ಉಳಿದ 3 ಸೆಂಟಿಮೀಟರ್ ಬಗ್ಗೆ. ಹಾಡ್ಜ್‌ಕಿನ್ ಗಡ್ಡೆಯಲ್ಲಿ ನಿಜವಾದ ಕ್ಯಾನ್ಸರ್ ಕೋಶಗಳು ಬಹಳ ಕಡಿಮೆ. ಉಳಿದದ್ದು ಅವುಗಳ ಸುತ್ತ ಸೇರಿಕೊಂಡ ಉರಿಯೂತದ ಕೋಶಗಳು, ನಾರು. ಔಷಧಿ ತಾಗಿದರೆ ಸಕ್ಕರೆಯ ಹಸಿವು ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಗಾತ್ರ ಇಳಿಯಲು ತಿಂಗಳುಗಳೇ ಬೇಕು. ಎಷ್ಟೋ ಜನರಲ್ಲಿ ಗಾಯದ ಗುರುತಿನ ಹಾಗೆ ಒಂದಿಷ್ಟು ಉಳಿದೇ ಬಿಡುತ್ತದೆ. ಸಿಟಿ ಸ್ಕ್ಯಾನ್ ಗಾತ್ರ ಮಾತ್ರ ತೋರಿಸುತ್ತದೆ. ನಾವು ಎರಡೇ ಸೈಕಲ್‌ಗೆ ಪೆಟ್ ಕೇಳುವುದು ಅದಕ್ಕೇ.

ಈ ಸ್ಕ್ಯಾನ್ ಮುಂದಿನದನ್ನು ಹೇಳಬಲ್ಲದು ಎಂದು ಗಟ್ಟಿಯಾಗಿ ತೋರಿಸಿದ್ದು ಇಟಲಿ ಮತ್ತು ಡೆನ್ಮಾರ್ಕ್ ವೈದ್ಯರು, 2007ರಲ್ಲಿ. 260 ಜನರನ್ನು ಗಮನಿಸಿದರು. ಎರಡು ಸೈಕಲ್ ನಂತರ ಪೆಟ್ ನೆಗೆಟಿವ್ ಇದ್ದವರಲ್ಲಿ 2 ವರ್ಷದ ಹೊತ್ತಿಗೆ ರೋಗ ಬೆಳೆಯದೆ ಇದ್ದವರು ಶೇ 95. ಪಾಸಿಟಿವ್ ಇದ್ದವರಲ್ಲಿ ಸುಮಾರು ಶೇ 13. ಜನ ಗೂಗಲ್ ಮಾಡಿ ಈ 13 ನೋಡಿ ನಡುಗುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಸ್ಕ್ಯಾನ್ ನೋಡಿ ಚಿಕಿತ್ಸೆ ಬದಲಿಸಿರಲಿಲ್ಲ, ನೆನಪಿರಲಿ. 2016ರಲ್ಲಿ ಪ್ರಕಟವಾದ ರಾಥಲ್ ಅಧ್ಯಯನದಲ್ಲಿ ಪಾಸಿಟಿವ್ ಬಂದವರಿಗೆ ಇನ್ನೂ ಬಲವಾದ ಕೀಮೋ ಕೊಟ್ಟರು. 3 ವರ್ಷದಲ್ಲಿ ರೋಗ ಬೆಳೆಯದೆ ಇದ್ದವರು ಶೇ 67ಕ್ಕೂ ಜಾಸ್ತಿ.

ಅದೇ ಅಧ್ಯಯನದಲ್ಲಿ 1, 2, 3 ಬಂದವರನ್ನು ನೆಗೆಟಿವ್ ಎಂದು ಪರಿಗಣಿಸಿದ್ದರು. ಅವರಲ್ಲಿ ಅರ್ಧ ಜನರಿಗೆ ಉಳಿದ ನಾಲ್ಕು ಸೈಕಲ್‌ನಲ್ಲಿ ಎಬಿವಿಡಿಯ ಒಂದು ಔಷಧಿಯಾದ ಬ್ಲಿಯೋಮೈಸಿನ್ ಬಿಟ್ಟರು. ಫಲಿತಾಂಶ ಹೆಚ್ಚುಕಡಿಮೆ ಒಂದೇ, ಶ್ವಾಸಕೋಶದ ತೊಂದರೆ ಕಡಿಮೆ. ನಿಮ್ಮ ಮಗನಿಗೆ ಇದು ಹೊಂದುತ್ತದಾ ಎಂದು ನಿಮ್ಮ ವೈದ್ಯರನ್ನು ಕೇಳಿ. ಆದರೆ ನೆಗೆಟಿವ್ ಬಂದ ಆ ಗುಂಪಿನಲ್ಲೂ ನೂರಕ್ಕೆ ಸುಮಾರು 15 ಜನರಿಗೆ 3 ವರ್ಷದೊಳಗೆ ರೋಗ ಮರಳಿತು ಅಥವಾ ಬೇರೆ ರೀತಿ ಕೆಟ್ಟದಾಯಿತು. ಹಾಗಾಗಿ ಒಂದು ಡೋಸೂ ತಪ್ಪಿಸಬೇಡಿ.

ಅಕಸ್ಮಾತ್ 4 ಅಥವಾ 5 ಬಂದಿದ್ದರೆ? ನಾನು ಮೊದಲು ಸಿಡಿ ಕೇಳುತ್ತೇನೆ, ಚಿತ್ರವನ್ನು ಕಣ್ಣಾರೆ ನೋಡುತ್ತೇನೆ. ಹಿಂದೊಮ್ಮೆ ಒಬ್ಬ ಹುಡುಗಿಯ ಹಳೆಯ ಗಡ್ಡೆಗಳೆಲ್ಲ ಆರಿದ್ದವು, ಕುತ್ತಿಗೆಯಲ್ಲಿ ಮಾತ್ರ ಹೊಸದೊಂದು ಹೊಳೆಯುತ್ತಿತ್ತು. ವರದಿಯಲ್ಲಿ 5 ಎಂದಿತ್ತು. ಮನೆಯವರು ಅತ್ತು ಕಂಗಾಲಾಗಿದ್ದರು. ಬಯಾಪ್ಸಿ (ಗಡ್ಡೆಯ ತುಣುಕು ತೆಗೆದು ಪರೀಕ್ಷೆ) ಮಾಡಿಸಿದೆವು, ಟಿಬಿ! ನಮ್ಮ ದೇಶದಲ್ಲಿ ಇದು ಅಪರೂಪ ಅಲ್ಲ. ಟಿಬಿಯೂ ಪೆಟ್‌ನಲ್ಲಿ ಕ್ಯಾನ್ಸರಿನ ಹಾಗೆಯೇ ಹೊಳೆಯುತ್ತದೆ. ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ತಗೊಂಡಿದ್ದರೆ ಮೂಳೆಯ ಮಜ್ಜೆಯೆಲ್ಲ ಹೊಳೆಯುತ್ತದೆ. ಹರೆಯದವರ ಎದೆಯಲ್ಲಿ ಥೈಮಸ್ ಗ್ರಂಥಿ ಮತ್ತೆ ಚಿಗುರಿದರೂ ಅಷ್ಟೇ. ಅನುಮಾನ ಇದ್ದಾಗ, ಸೂಜಿ ಹಾಕುವ ಜಾಗ ಸಿಕ್ಕರೆ, ಬಯಾಪ್ಸಿ ಇಲ್ಲದೆ ನಾನು ಚಿಕಿತ್ಸೆ ಬದಲಿಸುವುದಿಲ್ಲ. ಇದನ್ನು ಅತಿ ಎಚ್ಚರಿಕೆ ಎನ್ನುವ ಸಹೋದ್ಯೋಗಿಗಳಿದ್ದಾರೆ. ಅನ್ನಲಿ.

ಇನ್ನೊಂದು ಮಾತು. ಎಬಿವಿಡಿಯಲ್ಲಿ ಒಂದು ಸೈಕಲ್ ಎಂದರೆ ಎರಡು ಡೋಸ್. ಎರಡು ಸೈಕಲ್ ಎಂದರೆ ನಾಲ್ಕು. ಎರಡೇ ಡೋಸ್‌ಗೆ ಸ್ಕ್ಯಾನ್ ಮಾಡಿಸಿ ಓಡಿ ಬರುವವರನ್ನು ನೋಡಿ ಸಾಕಾಗಿದೆ. ಮುಂದಿನ ಡೋಸ್‌ಗೆ ಒಂದೆರಡು ದಿನ ಮುಂಚೆ ಮಾಡಿಸಿ, ಮೊದಲ ಸ್ಕ್ಯಾನ್ ಮಾಡಿದ ಮೆಷಿನ್‌ನಲ್ಲೇ ಆದರೆ ಒಳ್ಳೆಯದು.

ಪ್ರಶ್ನೆ: ಅಪ್ಪನಿಗೆ ಡಿಫ್ಯೂಸ್ ಲಾರ್ಜ್ ಬಿ ಸೆಲ್ ಲಿಂಫೋಮಾ. ಆರ್-ಚಾಪ್ ಎಂಬ ಕೀಮೋ ಮಧ್ಯದಲ್ಲಿ ಪೆಟ್ ಪಾಸಿಟಿವ್ ಬಂದಿದೆ. ಇನ್ನೂ ಸ್ಟ್ರಾಂಗ್ ಕೀಮೋ ಕೊಡಿಸಬಹುದಾ?

ಬರೀ ಆ ಸ್ಕ್ಯಾನ್ ನಂಬಿ ಬೇಡ. ಇದು ಬೇರೆ ಬಗೆಯ ಲಿಂಫೋಮಾ, ಹಾಡ್ಜ್‌ಕಿನ್ ಲೆಕ್ಕವನ್ನು ಇಲ್ಲಿ ಹಾಕಬಾರದು. ಜರ್ಮನಿಯ ಪೆಟಲ್ ಅಧ್ಯಯನದಲ್ಲಿ ಹಾಗೆ ಬದಲಿಸಿ ನೋಡಿದರು. ತೊಂದರೆ ಜಾಸ್ತಿಯಾಯಿತು, ಲಾಭ ಆಗಲಿಲ್ಲ. ರೋಗ ಕಣ್ಣೆದುರೇ ಬೆಳೆಯುತ್ತಿದ್ದರೆ ಮಾತು ಬೇರೆ, ಆಗಲೂ ಮೊದಲು ಬಯಾಪ್ಸಿ.

ಪ್ರಶ್ನೆ: ಕ್ಯಾನ್ಸರ್ ಸಕ್ಕರೆ ತಿನ್ನುತ್ತದೆ ಎಂದು ಪೆಟ್ ತೋರಿಸುತ್ತದಲ್ಲ, ಅನ್ನ, ಹಣ್ಣು ನಿಲ್ಲಿಸಿದ್ದೇವೆ. ಸರಿನಾ?

ತಪ್ಪು. ಮೆದುಳೂ ಸಕ್ಕರೆ ತಿನ್ನುತ್ತದೆ, ಅದನ್ನೂ ಉಪವಾಸ ಕೆಡವುತ್ತೀರಾ? ಸ್ಕ್ಯಾನ್‌ಗೆ ಮುಂಚಿನ 6 ಗಂಟೆ ಮಾತ್ರ ಊಟ ಬೇಡ, ನೀರು ಕುಡಿಯಬಹುದು. ಉಳಿದ ದಿನ ಹೊಟ್ಟೆ ತುಂಬ ತಿನ್ನಲಿ.

ಪ್ರಶ್ನೆ: ಮಧ್ಯದ ಸ್ಕ್ಯಾನ್ ನೆಗೆಟಿವ್. ಉಳಿದ ಕೀಮೋ ಬಿಟ್ಟು ನಾಟಿ ಔಷಧಿ ಮಾಡಬಹುದಾ?

ಬೇಡ. ಹಾಗೆ ಹೇಳಿದವರ ಬಾಗಿಲಿಗೂ ಹೋಗಬೇಡಿ. ಗುಣವಾಗುವ ರೋಗವನ್ನು ಹೀಗೆ ಕೈಯಾರೆ ಬಿಟ್ಟು ಬಂದವರನ್ನು ನೋಡಿದ್ದೇನೆ.

ಪ್ರಶ್ನೆ: ಸ್ಕ್ಯಾನ್ ಆದ ದಿನ ಮಗುವನ್ನು ಎತ್ತಿಕೊಳ್ಳಬಹುದಾ?

ಅವತ್ತು ಸಂಜೆಯವರೆಗೆ ಬೇಡ. ಆ ವಿಕಿರಣ 110 ನಿಮಿಷಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಮಾರನೆಯ ದಿನ ಎಷ್ಟು ಬೇಕಾದರೂ ಎತ್ತಿಕೊಳ್ಳಿ.