ನಗರದ ನದಿದಂಡೆಯ ಕಡಲೋದ್ಯಮಗಳ ಅಭಿವೃದ್ಧಿ ಬಗ್ಗೆ ಮಂಗಳೂರಿನಲ್ಲಿ ವಿಚಾರ ಸಂಕಿರಣ ಮಾಡಬೇಕು. ಎಲ್ಲಿಂದ ಶುರು ಮಾಡಲಿ?

ಮೊದಲು ದಿನಾಂಕ ಗಟ್ಟಿ ಮಾಡಿಕೊಳ್ಳಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬೋಟುಗಳೆಲ್ಲ ಗುರುಪುರ ನದಿಯ ದಕ್ಕೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ, ಮಾಲೀಕರೂ ಊರಲ್ಲೇ ಸಿಗುತ್ತಾರೆ. ಉಳಿದ ತಿಂಗಳಲ್ಲಿ ಇಟ್ಟರೆ ಬರುವವರು ಅಧಿಕಾರಿಗಳು ಮತ್ತು ಪ್ರಾಧ್ಯಾಪಕರು ಮಾತ್ರ!

ವಿಷಯ ಹುಡುಕಲು ಕಷ್ಟವೇನಿಲ್ಲ. ಅಳಿವೆಬಾಗಿಲಿನ ಹೂಳೇ ಅರ್ಧ ದಿನ ತಿನ್ನುತ್ತದೆ. ನೇತ್ರಾವತಿ, ಗುರುಪುರ ಎರಡೂ ಅಲ್ಲೇ ಕಡಲು ಸೇರುವುದು. ಮರಳು ದಿಬ್ಬ ಎದ್ದರೆ ತುಂಬಿದ ಬೋಟು ಭರತಕ್ಕೆ, ಅಂದರೆ ಕಡಲು ಉಬ್ಬುವುದಕ್ಕೆ, ಕಾಯಬೇಕು. ಕಾದಷ್ಟು ಡೀಸೆಲ್ ಖರ್ಚು, ಕರಗಿದ ಐಸು, ಇಳಿದ ಮೀನಿನ ದರ. ಹೂಳೆತ್ತುವ ಖರ್ಚು ಯಾರದ್ದು, ಎತ್ತಿದ ಮರಳು ಎಲ್ಲಿಗೆ ಎಂಬ ಎರಡೇ ಪ್ರಶ್ನೆ ಇಟ್ಟುಕೊಂಡು ಗೋಷ್ಠಿ ನಡೆಸಿ.

ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೋಗುವ ಸರಕಿನ ವ್ಯಾಪಾರಿಗಳನ್ನು ಮರೆಯಬೇಡಿ. ಪಣಂಬೂರಿನ ನವಮಂಗಳೂರು ಬಂದರು ದೊಡ್ಡದು ನಿಜ, ಆದರೆ ಅದರ ಲೆಕ್ಕಾಚಾರವೇ ಬೇರೆ. ಎರಡನ್ನೂ ಒಂದೇ ಗೋಷ್ಠಿಗೆ ತುರುಕಿದರೆ ಚಿಕ್ಕವರ ಮಾತು ಕೇಳಿಸುವುದಿಲ್ಲ.

ವೇದಿಕೆಗೆ ಬಲೆ ಹೆಣೆಯುವವರು, ಐಸ್ ಪ್ಲಾಂಟಿನವರು, ಬೋಟು ಕಟ್ಟುವ ಬಡಗಿಗಳು ಬರಲಿ. ಚರ್ಚೆ ತುಳು, ಬ್ಯಾರಿಯಲ್ಲೂ ನಡೆಯಲಿ. ಮೀನುಗಾರಿಕಾ ಕಾಲೇಜು ಎಕ್ಕೂರಿನಲ್ಲೇ ಇದೆ, ತಾಂತ್ರಿಕ ನೆರವಿಗೆ ಅಲ್ಲಿ ಕೇಳಿ. ರಾಜ್ಯದ ಕಿರು ಬಂದರುಗಳನ್ನು ನೋಡಿಕೊಳ್ಳುವ ಕರ್ನಾಟಕ ಮ್ಯಾರಿಟೈಮ್ ಬೋರ್ಡ್‌ನವರನ್ನು ಕೊನೆಯ ಗೋಷ್ಠಿಗೆ ಕರೆಯಿರಿ, ಮೊದಲೇ ಭಾಷಣ ಮುಗಿಸಿ ಹೊರಟುಬಿಡಬಾರದಲ್ಲ.