ಕರೆಂಟ್ ಹೋದರೆ ಬಲ್ಬ್ ಸೊರಗುವುದಿಲ್ಲ

ನಮಸ್ಕಾರ,

‘ನರಕ್ಕೆ ಪೆಟ್ಟಾದರೆ ಸ್ನಾಯು ಏಕೆ ಸೊರಗುತ್ತದೆ?’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡುವ ಬರಹವೂ ಅಲ್ಲ.

ಮೊದಲ ಎರಡು ಪುಟದಲ್ಲಿ ಮನುಷ್ಯರೇ ಇಲ್ಲ. ಮೂರನೇ ಪುಟದ ಕೊನೆಗೆ ನಿಮ್ಮ ಅಣ್ಣ ಬರುತ್ತಾರೆ. ಕಿಟಕಿ ಗಾಜು ಮೊಣಕೈ ಹತ್ತಿರ ಅಲ್ನಾರ್ ನರವನ್ನು, ಅಂದರೆ ಅಂಗೈಯ ಸಣ್ಣ ಸ್ನಾಯುಗಳಲ್ಲಿ ಹೆಚ್ಚಿನವನ್ನು ನಡೆಸುವ ನರವನ್ನು, ಕೊಯ್ದು, ಗಾಯ ಮಾಗಿದ ಮೇಲೂ ಬೀಗದ ಕೈ ತಿರುಗಿಸಲಾಗದೆ ಬಾಗಿಲಲ್ಲಿ ನಿಂತವರು. ಅದನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಲೇಖನ ಶುರುವಾಗಬೇಕಾದ್ದೇ ಆ ಬಾಗಿಲಲ್ಲಿ. ಅವರ ಕೈ ಹಿಡಿದು ನೋಡಿ. ಹೆಬ್ಬೆರಳು, ತೋರುಬೆರಳಿನ ನಡುವೆ, ಕೈಯ ಹಿಂಬದಿಯಲ್ಲಿ ಉಬ್ಬಿರಬೇಕಾದ ಮಾಂಸ ಕರಗಿ ಗುಳಿ ಬಿದ್ದಿರುತ್ತದೆ. ಆ ಎರಡು ಬೆರಳಲ್ಲಿ ಒಂದು ಹಾಳೆ ಹಿಡಿಯಲು ಹೇಳಿ, ನೀವು ಎಳೆಯಿರಿ. ಹೆಬ್ಬೆರಳು ನೆಟ್ಟಗೆ ನಿಲ್ಲದೆ ತುದಿಯ ಗೆಣ್ಣಿನಲ್ಲಿ ಮಡಚಿಕೊಳ್ಳುತ್ತದೆ. ಸೊರಗಿದ ಸ್ನಾಯುವಿನ ಕೆಲಸಕ್ಕೆ ಬೇರೊಂದು ನರದ ಸ್ನಾಯು ಬಂದು ಹೆಗಲು ಕೊಡುವುದು ಹಾಗೆ. ಓದುಗರಿಗೆ ಇದನ್ನು ಕಾಣಿಸಿ. ‘ಅಪಕ್ಷಯ’ದಂಥ ಪದಗಳು ತಾವಾಗಿಯೇ ಉದುರಿಹೋಗುತ್ತವೆ.

ನಿಜವಾದ ತೊಂದರೆ ನಿಮ್ಮ ಹೋಲಿಕೆಯಲ್ಲಿದೆ. ನರ ಅಂದರೆ ವೈರು, ಸ್ನಾಯು ಅಂದರೆ ಬಲ್ಬ್ ಅಂತ ಬರೆದಿದ್ದೀರಿ. ಕರೆಂಟ್ ಹೋದರೆ ಬಲ್ಬ್ ಆರುತ್ತದೆ, ಸರಿ. ಆದರೆ ಸೊರಗುವುದಿಲ್ಲ ಅಲ್ವಾ? ನರ ಬರೀ ಅಪ್ಪಣೆ ಮುಟ್ಟಿಸುವುದಿಲ್ಲ. ಸ್ನಾಯು ಎಂಥದ್ದಾಗಿರಬೇಕು ಅನ್ನುವುದರಲ್ಲೂ ಅದರ ಕೈ ಇದೆ. 1960ರಲ್ಲಿ ನರವಿಜ್ಞಾನಿ ಜಾನ್ ಎಕಲ್ಸ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಯೋಗ ನೋಡಿ. ಬೆಕ್ಕಿನ ಕಾಲಿನಲ್ಲಿ ಚುರುಕು ಸ್ನಾಯುವಿನ ನರವನ್ನು ನಿಧಾನದ ಸ್ನಾಯುವಿಗೂ, ಅದರದ್ದನ್ನು ಇದಕ್ಕೂ ಜೋಡಿಸಿದರು. ನಿಧಾನದ್ದು ಚುರುಕಾಯಿತು, ಚುರುಕಿನದ್ದು ನಿಧಾನವಾಯಿತು.

ನರ ಕಡಿದ ಸ್ನಾಯು ಸುಮ್ನೆ ಬಿದ್ದಿರುವುದೂ ಇಲ್ಲ. ನರದ ಸಂದೇಶ ಹಿಡಿಯುವ ಗ್ರಾಹಕಗಳು ಮೊದಲು ನರ ಬಂದು ಮುಟ್ಟುವ ಜಾಗದಲ್ಲೇ ಗುಂಪಾಗಿರುತ್ತವೆ. ನರ ಹೋದ ಮೇಲೆ ಸ್ನಾಯುವಿನ ಎಳೆಯ ಉದ್ದಕ್ಕೂ ಹುಟ್ಟಿಕೊಳ್ಳುತ್ತವೆ. ಮೈಯೆಲ್ಲಾ ಕಿವಿಯಾಗಿ ಕಾಯುವುದು ಅಂತೀವಲ್ಲ, ಹಾಗೆ. ಎರಡು ಮೂರು ವಾರಕ್ಕೆ ಎಳೆಗಳು ತಮ್ಮಷ್ಟಕ್ಕೆ ಮಿಡಿಯತೊಡಗುತ್ತವೆ. ಅದು ಕಣ್ಣಿಗೆ ಕಾಣುವುದಿಲ್ಲ, ಸ್ನಾಯುವಿನ ವಿದ್ಯುತ್ ಮಿಡಿತ ಹಿಡಿಯುವ ಈಎಂಜಿ ಸೂಜಿಗೆ ಮಾತ್ರ ಸಿಗುತ್ತದೆ. ಜೊತೆಗೇ ಸ್ನಾಯು ತನ್ನ ಪ್ರೋಟೀನನ್ನು ತಾನೇ ಕಳಚತೊಡಗುತ್ತದೆ. ಈ ಕೆಲಸದ ಎರಡು ಜೀನ್‌ಗಳು, ಮರ್ಫ್-1 ಮತ್ತು ಅಟ್ರೋಜಿನ್-1, 2001ರಲ್ಲಿ ಪತ್ತೆಯಾದವು. ಅವುಗಳಲ್ಲೊಂದು ಇಲ್ಲದ ಇಲಿಗಳಲ್ಲಿ ನರ ಕಡಿದರೂ ಸ್ನಾಯು ಅಷ್ಟು ಕರಗಲಿಲ್ಲ.

‘ಕೆಲಸವಿಲ್ಲದ್ದಕ್ಕೆ ಸೊರಗಿತು’ ಅಂದುಕೊಂಡದ್ದರಿಂದಲೇ ನಿಮ್ಮ ಕೊನೆಯ ಸಾಲು ದಾರಿ ತಪ್ಪಿದೆ: ‘ದಿನಾ ವ್ಯಾಯಾಮ ಮಾಡಿದರೆ ಸ್ನಾಯು ಮತ್ತೆ ತುಂಬಿಕೊಳ್ಳುತ್ತದೆ.’ ಪ್ಲಾಸ್ಟರ್ ಬಿಚ್ಚಿದ ಕಾಲಿಗೆ ಈ ಮಾತು ಸರಿ. ನರ ಪೂರ್ತಿ ಕಡಿದ ಕೈಗೆ ಅಲ್ಲ. ಫಿಜಿಯೋಥೆರಪಿ ಬೇಕೇ ಬೇಕು, ಆದರೆ ಅದು ಗೆಣ್ಣುಗಳು ಬಿಗಿದುಕೊಳ್ಳದಂತೆ ಕಾಯುತ್ತದೆ, ನರ ಹೊಲಿಯುವುದಿಲ್ಲ. ನಮ್ಮ ಸೋದರಮಾವ ಇಂಥದೇ ಮಾತು ನಂಬಿ ಒಂದು ವರ್ಷ ಎಣ್ಣೆ ತಿಕ್ಕಿಸಿದರು, ರಬ್ಬರ್ ಚೆಂಡು ಅದುಮಿದರು. ಆಪರೇಷನ್ನಿಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಅವರ ಕೈ ಇವತ್ತಿಗೂ ಹಾಗೇ ಇದೆ. ಆ ಸಾಲನ್ನು ನಾನು ಅಚ್ಚಿಗೆ ಬಿಡಲಾರೆ.

ಅದರ ಜಾಗದಲ್ಲಿ ಈ ಲೆಕ್ಕ ಬರೆಯಿರಿ. ಹೊಲಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ಮೊಣಕೈಯಿಂದ ಅಂಗೈಯ ಸ್ನಾಯುವಿಗೆ 30 ಸೆಂಟಿಮೀಟರ್ ಅಂದರೆ 300 ದಿನ. ಇತ್ತ ಸ್ನಾಯು ಕಾಯುವುದು ಹೆಚ್ಚೆಂದರೆ 12ರಿಂದ 18 ತಿಂಗಳು. ಆಮೇಲೆ ಎಳೆಗಳ ಜಾಗಕ್ಕೆ ಕೊಬ್ಬು, ನಾರು ಬಂದು ಕೂರುತ್ತವೆ. ಆಗ ನರ ಬಂದರೂ ಮನೆಯಲ್ಲಿ ಯಾರೂ ಇರುವುದಿಲ್ಲ. ಹೊಲಿಗೆ ಆರು ತಿಂಗಳು ತಡವಾದರೆ ಏನಾಗುತ್ತದೆ ಅಂತ ಓದುಗರೇ ಕೂಡಿಸಿಕೊಳ್ಳಲಿ.

ತಡವಾದವರನ್ನೂ ಬರಿಗೈಯಲ್ಲಿ ಕಳಿಸಬೇಡಿ. ಕುಷ್ಠರೋಗದಲ್ಲೂ ಮೊಣಕೈ ಹತ್ತಿರ ಇದೇ ಅಲ್ನಾರ್ ನರ ಹಾಳಾಗಿ ಬೆರಳು ಕೊಕ್ಕೆಯಾಗುತ್ತವೆ. 1946ರಲ್ಲಿ ವೆಲ್ಲೂರಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಮುಂಗೈಯಲ್ಲಿ ಇನ್ನೂ ಚೆನ್ನಾಗಿರುವ ಸ್ನಾಯುಗಳ ತುದಿಯ ಹುರಿಯನ್ನು ಬೆರಳುಗಳಿಗೆ ತಿರುಗಿಸಿ ಜೋಡಿಸಿ ಎಷ್ಟೋ ಕೈಗಳನ್ನು ಬಿಚ್ಚಿಸಿದರು. ಒಂದು ಪ್ಯಾರಾ ಸಾಕು, ಆದರೆ ಇರಲಿ.

ಅಣ್ಣನ ಹತ್ತಿರ ಎರಡು ದಿನಾಂಕ ಕೇಳಿಕೊಳ್ಳಿ: ಗಾಜು ಕೊಯ್ದದ್ದು ಯಾವತ್ತು, ನರ ಹೊಲಿದದ್ದು ಯಾವತ್ತು. ನಿಮ್ಮ ಲೇಖನದಲ್ಲಿ ಎರಡೂ ಇಲ್ಲ. ಇನ್ನೂ ಹೊಲಿದೇ ಇಲ್ಲ ಅಂತಾದರೆ ಲೇಖನ ಆಮೇಲೆ ಬರೆಯಿರಿ, ಮೊದಲು ಅವರನ್ನು ಕೈ ಮತ್ತು ನರದ ಆಪರೇಷನ್ ಮಾಡುವ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಇಂತಿ,
ಸಂಪಾದಕ